ಮೋರಾ ಚಾಕುವಿಗೆ ಸಾಣೆ

ಸ್ವೀಡನ್ನಿನ ಮೋರಾ ಊರಿನ ಚಾಕು ನೋಟಕ್ಕೆ ಸಾಧುಪ್ರಾಣಿ. ಕೆಂಬಣ್ಣದ ಮರದ ಹಿಡಿ, ಗೇಣಿಗೂ ಕಿರಿದಾದ ಅಲಗು. ಮರದ ಸೌಟು ಕೆತ್ತುವವನು ಮಾತ್ರ ಅದರ ಗುಟ್ಟನ್ನು ಬಲ್ಲ. ಅಲಗಿನ ಎರಡು ಮಗ್ಗುಲಿನಲ್ಲಿಯೂ ಬಾಯಿಯವರೆಗೆ ಒಂದೇ ಸಪಾಟಾದ ಇಳಿಜಾರು, ತುದಿಯಲ್ಲಿ ಎರಡನೆಯದಿಲ್ಲ. ಆ ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಮಟ್ಟಸವಾಗಿ ಊರಿದರಾಯಿತು, ಕೋನ ತಾನಾಗಿ ಒದಗುತ್ತದೆ.

ಹಾಗಿದ್ದರೆ ಕೋನ ಕಾಯುವ ಯಂತ್ರವೇಕೆ? ಕೈ ನಿಲ್ಲದವನಿಗೆ ಅದೊಂದು ಊರುಗೋಲು. ಅಲಗನ್ನು ಇಕ್ಕಳದಲ್ಲಿ ಬಿಗಿದು, ಸರಳಿಗೆ ಸಿಕ್ಕಿಸಿದ ಕಲ್ಲನ್ನು ಒಂದೇ ಓರೆಯಲ್ಲಿ ಆಡಿಸುವುದು ಅದರ ಕ್ರಮ. ಆದರೆ ಮೋರಾ ಅಲಗಿನ ಓರೆ ಮಗ್ಗುಲೊಂದಕ್ಕೆ ಸುಮಾರು 12 ಡಿಗ್ರಿ. ಎಷ್ಟೋ ಯಂತ್ರಗಳು 15ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಹಟದಿಂದ ತೀಡಿದರೆ ಬಾಯಿಗೆ ಎರಡನೆಯ ಇಳಿಜಾರು ಮೂಡುತ್ತದೆ. ಚಾಕು ಹರಿತವೇನೋ ಆದೀತು. ಮರದ ಮೇಲೆ ಮೊದಲಿನಂತೆ ಒರಗಿ ಸಾಗದು. ಅದನ್ನು ಹಳೆಯ ರೂಪಕ್ಕೆ ತರಲು ಇಡೀ ಮಗ್ಗುಲನ್ನೇ ಸವೆಸಬೇಕು.

ಆದ್ದರಿಂದ ಬಲ್ಲವರು ಮೊದಲು ಇಳಿಜಾರಿಗೆ ಶಾಯಿ ಬಳಿದು, ಕಲ್ಲನ್ನು ಒಮ್ಮೆ ಹಗುರವಾಗಿ ಆಡಿಸುತ್ತಾರೆ. ಬಾಯಿಯ ಬಳಿ ಮಾತ್ರ ಶಾಯಿ ಅಳಿದರೆ ಓರೆ ಹೆಚ್ಚು. ಮೇಲೆ ಮಾತ್ರ ಅಳಿದರೆ ಕಡಿಮೆ. ಉದ್ದಗಲಕ್ಕೂ ಅಳಿಯುವತನಕ ತಿರುಪನ್ನು ಹೊಂದಿಸುತ್ತಾರೆ. ಮೊನೆಯ ಬಾಗಿನಲ್ಲಿ ಯಂತ್ರದ ಲೆಕ್ಕವೂ ತಪ್ಪುವುದುಂಟು. ಅಲ್ಲಿ ಅಲಗನ್ನು ಇಕ್ಕಳದಿಂದ ಬಿಡಿಸಿ, ಕೈಯಲ್ಲೇ ತೀಡುವುದು ಲೇಸು.