ತೊಡೆ ತಟ್ಟುವವರ ಬಳಗ

ಗರಡಿಯ ಪೈಲ್ವಾನರು ಮಟ್ಟಿಗೆ ಇಳಿದ ಕೂಡಲೇ ತೊಡೆ ತಟ್ಟುತ್ತಾರೆ. ಮಹಾಭಾರತದ ವೀರರೂ ತಟ್ಟಿದವರೇ. ಆದರೆ ಯಾರ ಮೇಲೂ ಸಿಟ್ಟಿಲ್ಲದೆ, ಕಣ್ಣು ಅರ್ಧ ಮುಚ್ಚಿಕೊಂಡು, ಪಕ್ಕಪಕ್ಕದಲ್ಲೇ ಕುಳಿತು ಎರಡೂವರೆ ಗಂಟೆ ತೊಡೆ ತಟ್ಟುವ ಜನರೂ ಇದ್ದಾರೆ. ಅವರು ಸಂಗೀತ ಕಛೇರಿಯ ಕೇಳುಗರು. ಮಕ್ಕಳೇ, ಅಜ್ಜ-ಅಜ್ಜಿಯ ಜೊತೆ ಕಛೇರಿಗೆ ಹೋಗಿದ್ದರೆ ನೀವು ನೋಡಿಯೇ ಇರುತ್ತೀರಿ. ‘ಇವರ ಕೈಗೆ ಏನಾಗಿದೆ?’ ಎಂದು ಯೋಚಿಸಿಯೂ ಇರುತ್ತೀರಿ.

ಹಾಡುವುದು ಕೆಲಸ, ಕೇಳುವುದು ಸೋಮಾರಿತನ ಎಂದು ಬಹಳ ಜನರ ಲೆಕ್ಕಾಚಾರ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಬಡಾವಣೆಯಲ್ಲಿ ತಿಂಗಳ ಎರಡನೇ ಭಾನುವಾರ ಸಂಜೆ ಹನ್ನೆರಡು-ಹದಿಮೂರು ಜನ ಒಂದು ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಒಬ್ಬರಿಗೂ ಹಾಡಲು ಬರುವುದಿಲ್ಲ. ಬಂದರೂ ಹಾಡಬಾರದು ಎನ್ನುವುದು ಅಲ್ಲಿಯ ಮೊದಲ ನಿಯಮ. ನಾವು ಕೇಳುವುದಕ್ಕಾಗಿ ಸೇರುವವರು, ಮನೆಗೆ ಹೊರಡುವಾಗ ಚೆನ್ನಾಗಿ ಕೆಲಸ ಮಾಡಿದವರ ಹಾಗೆ ದಣಿದಿರುತ್ತೇವೆ.

ಏನು ಕೆಲಸ ಅಂತೀರಾ? ಮೊದಲು ಕೈಯ ಕೆಲಸ ಹೇಳುತ್ತೇನೆ, ಪತ್ರಿಕೆ ಪಕ್ಕಕ್ಕಿಟ್ಟು ಮಾಡಿ ನೋಡಿ. ಬಲ ಅಂಗೈಯನ್ನು ತೊಡೆಯ ಮೇಲೆ ಒಮ್ಮೆ ತಟ್ಟಿ. ಅದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಒಂದೊಂದಾಗಿ ತಾಗಿಸಿ. ನಾಲ್ಕಾಯಿತು. ಮತ್ತೆ ಒಂದು ಪೆಟ್ಟು, ಅಂಗೈ ಮೇಲೆ ಮಾಡಿ ಒಂದು ಹುಸಿ. ಇನ್ನೊಂದು ಪೆಟ್ಟು, ಇನ್ನೊಂದು ಹುಸಿ. ಒಟ್ಟು ಎಂಟು. ಇದೇ ಆದಿತಾಳ, ಎಂಟು ಮುಗಿದರೆ ಒಂದು ಆವರ್ತ. ಸುಲಭ ಅನ್ನಿಸಿತೇ? ಈಗ ಒಂದು ಹಾಡು ಹಾಕಿ, ಕೊನೆಯವರೆಗೆ ಬಿಡದೆ ಹಾಕಿ ನೋಡಿ. ಖುಷಿಯಾದಾಗ ಕೈ ಓಡುತ್ತದೆ, ಆದರೆ ಹಾಡು ಓಡುವುದಿಲ್ಲ. ಕೆಲವು ಹಾಡುಗಳು ಪೆಟ್ಟು ಬಿದ್ದ ಮೇಲೆ ಸ್ವಲ್ಪ ತಡೆದು ಶುರುವಾಗುತ್ತವೆ, ಆ ಚೂರು ಜಾಗದಲ್ಲಿ ಕಾಯಲು ಕಲಿಯುವುದಕ್ಕೇ ಕೆಲವರಿಗೆ ವರ್ಷ ಹಿಡಿಯುತ್ತದೆ. ಇದು ಕೈವಶವಾದರೆ ಮುಂದೆ ಮಿಶ್ರಛಾಪು ಇದೆ, ಮೂರು ಮತ್ತು ನಾಲ್ಕು ಸೇರಿ ಏಳು. ಕುಂಟಾಬಿಲ್ಲೆ ಆಡಿದವರಿಗೆ ಅದು ಬೇಗ ಒಲಿಯುತ್ತದೆ.

ಕಛೇರಿಯ ನಡುವೆ ಹಾಡುವವರು ನಿಲ್ಲಿಸಿ, ಮೃದಂಗದವರಿಗೆ ಜಾಗ ಬಿಟ್ಟುಕೊಡುತ್ತಾರೆ. ಅದು ತನಿ ಆವರ್ತನ. ಕಾಫಿಗೆ ಹೋಗುವವರು ಎದ್ದು ಹೊರಡುವ ಹೊತ್ತೂ ಅದೇ! ನನಗೆ ಅದನ್ನು ನೋಡಿದರೆ ಈಗಲೂ ಬೇಜಾರು. ಏಕೆಂದರೆ ಇಡೀ ಕಛೇರಿಯ ಒಳ್ಳೆಯ ಗಣಿತ ಅಲ್ಲಿಯೇ ಇರುವುದು. ಆದಿತಾಳದ ಒಂದು ಎಣಿಕೆಗೆ ನಾಲ್ಕು ಅಕ್ಷರ ಎಂದಾದರೆ ಆವರ್ತಕ್ಕೆ 32. ಮೃದಂಗದವರು ಕೊನೆಯಲ್ಲಿ ಒಂದೇ ಮಾತನ್ನು ಮೂರು ಸಲ ನುಡಿಸಿ ಮುಗಿಸಬೇಕು. ಮೂವತ್ತೆರಡನ್ನು ಮೂರರಿಂದ ಭಾಗಿಸಿ ನೋಡಿ, ಎರಡು ಉಳಿದುಬಿಡುತ್ತದೆ. ಆಗ ಏನು ಮಾಡುತ್ತಾರೆ? ಹತ್ತು ಅಕ್ಷರ, ಒಂದು ಬಿಡುವು, ಹತ್ತು ಅಕ್ಷರ, ಒಂದು ಬಿಡುವು, ಮತ್ತೆ ಹತ್ತು. ಸರಿಯಾಗಿ ಮೂವತ್ತೆರಡು! ಇದು ತೀರಾ ಸಣ್ಣ ಉದಾಹರಣೆ, ದೊಡ್ಡ ವಿದ್ವಾಂಸರ ಲೆಕ್ಕ ಹಲವು ಆವರ್ತಗಳವರೆಗೆ ಹರಿಯುತ್ತದೆ. ಎಲ್ಲೆಲ್ಲೋ ಸುತ್ತಿ ಬಂದ ಮೃದಂಗ ಹಾಡು ಶುರುವಾಗುವ ಜಾಗಕ್ಕೆ ಬಂದಿಳಿದಾಗ, ತಾಳ ಬಿಡದೆ ಕುಳಿತ ನೂರು ಕೈಗಳೂ ಅಲ್ಲೇ ಇರುತ್ತವೆ. ದಿನದ ಕೊನೆಗೆ ಜಮಾ-ಖರ್ಚು ಟ್ಯಾಲಿ ಆದಾಗ ನಮ್ಮ ಬ್ಯಾಂಕಿನ ಕ್ಯಾಷಿಯರ್ ಬಿಡುತ್ತಿದ್ದ ಉಸಿರು ಇದೆಯಲ್ಲ, ಅಂಥದೇ ಉಸಿರು ಆಗ ಇಡೀ ಚಪ್ಪರದಿಂದ ಬರುತ್ತದೆ.

ನನಗೆ ತಾಳ ಕಲಿಸಿದ ಗುರುಗಳ ಹೆಸರು ನನಗೇ ಗೊತ್ತಿಲ್ಲ. ಬೆಂಗಳೂರು ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತಿದೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರ ಎಂದರೆ ಹಳಬರಿಗೆ ಬೇರೆ ವಿಳಾಸ ಬೇಡ. ನಾನು ಬ್ಯಾಂಕಿಗೆ ಸೇರಿದ ಎಪ್ಪತ್ತರ ದಶಕದಲ್ಲಿ ಲೆಕ್ಕವೆಲ್ಲ ಕೈಬರಹದ್ದು. ಲೆಡ್ಜರಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅದನ್ನು ಹುಡುಕಿ ಮುಗಿಸಿ, ಬಸ್ಸು ಹಿಡಿದು ಮೈದಾನ ಸೇರುವ ಹೊತ್ತಿಗೆ ಕಛೇರಿ ಶುರುವಾಗಿ ಅರ್ಧ ಗಂಟೆಯಾಗಿರುತ್ತಿತ್ತು. ಒಂದು ಸಂಜೆ ಸಿಕ್ಕ ಕುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿ ಕಚ್ಚೆಪಂಚೆ ಉಟ್ಟ ಒಬ್ಬ ಹಿರಿಯರಿದ್ದರು. ನನ್ನ ಕೈ ಎಲ್ಲೆಲ್ಲೋ ತಡಕಾಡುವುದನ್ನು ನೋಡಿ, ಏನೂ ಹೇಳದೆ ತಮ್ಮ ಬಲಗೈಯನ್ನು ಎಡತೊಡೆಯ ಮೇಲಕ್ಕೆ, ಅಂದರೆ ನನಗೆ ಕಾಣುವ ಕಡೆಗೆ, ಸರಿಸಿಕೊಂಡರು. ಅವರ ಬೆರಳು ನೋಡುತ್ತಾ ನಾನೂ ಹಾಕಿದೆ. ಮರುದಿನವೂ ಅದೇ ಸಾಲು, ಅದೇ ಕುರ್ಚಿ. ನಾಲ್ಕಾರು ವರ್ಷ ಹೀಗೆಯೇ ನಡೆಯಿತು. ಮಾತಾಡಿದ್ದು ಅಬ್ಬಬ್ಬಾ ಎಂದರೆ ಹತ್ತು ವಾಕ್ಯ. ಅದರಲ್ಲಿ ನಾಲ್ಕು ಪಾನಕದ ಬಗ್ಗೆ.

ಕೇಳುಗರು ಎಂದರೆ ಸುಮ್ಮನೆ ಕೂರುವ ಜನರಲ್ಲ ಎನ್ನಲು ಇನ್ನೊಂದು ಸಾಕ್ಷಿ ಕೊಡುತ್ತೇನೆ. ಈಗಿನ ಜಾರ್ಖಂಡ್‌ನಲ್ಲಿ ಝುಮ್ರಿ ತಲೈಯಾ ಎಂಬ ಊರಿದೆ. ಕಾಗೆಬಂಗಾರದ ಗಣಿಗಳ ಊರು. ರೇಡಿಯೋ ಸಿಲೋನ್ ಮತ್ತು ವಿವಿಧ ಭಾರತಿಯ ಕಾಲದಲ್ಲಿ ಅಲ್ಲಿಯವರು ಮೆಚ್ಚಿನ ಹಾಡು ಕೋರಿ ಬರೆದ ಕಾಗದಗಳು ಎಷ್ಟೆಂದರೆ, ಆ ಊರಿನ ಹೆಸರು ಭಾರತದ ಮನೆಮನೆಯಲ್ಲೂ ಕೇಳಿಸಿತು. ಅಜ್ಜ-ಅಜ್ಜಿಯರ ಮುಂದೆ ಆ ಹೆಸರು ಹೇಳಿ, ಅವರ ಮುಖ ನೋಡಿ!

ಈಗ ನಮ್ಮ ಬಳಗದ ಎರಡನೇ ಕೆಲಸಕ್ಕೆ ಬರೋಣ. ಅದು ಕಿವಿಯದು. ಒಂದು ಹಾಡನ್ನು ಎರಡು ಸಲ ಹಾಕುತ್ತೇವೆ. ಮೊದಲ ಸಲ ಬರೀ ತಾಳ. ಎರಡನೆಯ ಸಲ ಕೇಳಿ ರಾಗ ಯಾವುದೆಂದು ಚೀಟಿಯಲ್ಲಿ ಬರೆದು ಸ್ಟೀಲಿನ ಡಬ್ಬಿಗೆ ಹಾಕಬೇಕು. ಬಾಯಿ ಬಿಡುವಂತಿಲ್ಲ. ಏಕೆಂದರೆ ಜೋರಾಗಿ ಹೇಳುವವರೊಬ್ಬರು ಇರುತ್ತಾರೆ, ಉಳಿದವರೆಲ್ಲ ಅವರ ಹಿಂದೆ ಹೋಗುತ್ತಾರೆ. ಸರಿ ಬರೆದವರಿಗೆ ಕೊಬ್ಬರಿ ಮಿಠಾಯಿ. ಮಕ್ಕಳೂ ಬರುತ್ತಾರೆ, ಪ್ರತಿ ಸಲ ಒಂದು ಹಾಡು ಅವರ ಆಯ್ಕೆಯದು. ಅದು ಸಿನಿಮಾದ್ದಾದರೂ ಸರಿ, ಅಜ್ಜಂದಿರೆಲ್ಲ ತಾಳ ಹಾಕಲೇಬೇಕು. ಹೋದ ತಿಂಗಳು ಒಂದು ಹಾಡಿನಲ್ಲಿ ಡ್ರಮ್ಮಿನ ಏಟು ಎಲ್ಲಿ ಬೀಳುತ್ತದೆಂದು ತಿಳಿಯದೆ ಹಿರಿಯರು ತತ್ತರಿಸಿದರು, ಮಕ್ಕಳು ಬಿದ್ದು ಬಿದ್ದು ನಕ್ಕರು. ‘ನಮ್ಮ ಕಾಲದಲ್ಲಿ’ ಎಂದು ಯಾರೇ ಮಾತು ಶುರು ಮಾಡಿದರೂ ಒಂದು ರೂಪಾಯಿ ದಂಡ. ಮಿಠಾಯಿಯ ಖರ್ಚು ಹುಟ್ಟುವುದು ಆ ಹುಂಡಿಯಿಂದಲೇ. ಈವರೆಗೆ ಕೊರತೆ ಬಿದ್ದಿಲ್ಲ.

ರಾಗ ಗುರುತಿಸುವುದು ದೊಡ್ಡ ವಿದ್ಯೆ ಎಂದು ಹೆದರಬೇಡಿ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಒಂದು ಆಟ ಆಡಿ. ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಸಾಲಾಗಿ ಕುಳಿತಿರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ‘ಸ’ ಎಂದು ಇಟ್ಟುಕೊಳ್ಳಿ. ಬಿಳಿ ಮನೆ ಮುಟ್ಟದೆ ಬಲಕ್ಕೆ ಒಂದೊಂದೇ ಕರಿ ಮನೆ ಒತ್ತುತ್ತಾ ಮೇಲಿನ ‘ಸ’ವರೆಗೆ ಹೋಗಿ. ಸ ರಿ ಗ ಪ ದ ಸ. ಅದು ಮೋಹನ ರಾಗದ ಮೆಟ್ಟಿಲು. ಈಗ ಅದೇ ಗುಂಪಿನ ಎರಡನೆಯ ಮನೆಯನ್ನು ‘ಸ’ ಮಾಡಿ ಅದೇ ಕರಿ ಮನೆಗಳ ಮೇಲೆ ನಡೆಯಿರಿ. ಮಧ್ಯಮಾವತಿ ಬಂತು! ಮೂರನೆಯದರಿಂದ ಹೊರಟರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಮನೆಗಳು ಅವೇ ಐದು, ಹೊರಡುವ ಬಾಗಿಲು ಮಾತ್ರ ಬೇರೆ. ಸಂಗೀತಗಾರರು ಇದನ್ನು ಗ್ರಹಭೇದ ಎನ್ನುತ್ತಾರೆ. ನನ್ನ ಮೊಮ್ಮಗಳು ಇದನ್ನು ಕಂಡುಕೊಂಡ ದಿನ ಊಟಕ್ಕೆ ಏಳಲಿಲ್ಲ.

ಆದರೆ ಹಾರ್ಮೋನಿಯಂ ಕೊಡುವುದು ರಾಗದ ಎಲುಬು ಮಾತ್ರ. ಸ್ವರದಿಂದ ಸ್ವರಕ್ಕೆ ತೂಗುತ್ತಾ ಜಾರುವ ಗಮಕ ಅದರಲ್ಲಿ ಬರುವುದಿಲ್ಲ. ಇಂಥ ದೂರುಗಳಿಂದಲೇ ಆಕಾಶವಾಣಿಯವರು 1940ರಲ್ಲಿ ಆ ಪೆಟ್ಟಿಗೆಯನ್ನೇ ಹೊರಗಿಟ್ಟು, ಬಹುಕಾಲ ಒಳಗೆ ಬಿಡಲಿಲ್ಲ. ನನಗೆ ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಕಲಿಯುವ ಮಗುವಿಗೆ ಮೊದಲು ಎಲುಬು ಕಾಣಬೇಡವೇ?

ಮೋಹನ ಹಾಕಿದ ದಿನ ನಮ್ಮಲ್ಲಿ ಜಗಳ ಖಾತ್ರಿ. ಧಾರವಾಡದ ಕಡೆಯ ಕಾಕಾ ಒಬ್ಬರಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರನ್ನು, ಗಂಗೂಬಾಯಿ ಹಾನಗಲ್ಲರನ್ನು ಎದುರಿಗೆ ಕುಳಿತು ಕೇಳಿದವರು. “ಇದು ನಮ್ಮ ಭೂಪ ಅದ ಅಲ್ರೀ!” ಎನ್ನುತ್ತಾರೆ. ಹಿಂದೋಳ ಬಂದರೆ “ಮಾಲಕಂಸ!” ಎನ್ನುತ್ತಾರೆ. ಮೈಸೂರಿನ ಟೀಚರಮ್ಮ ಬಿಡುವುದಿಲ್ಲ. ಸ್ವರಗಳು ಒಂದೇ, ನಡಿಗೆ ಬೇರೆ ಬೇರೆ. ಎರಡೂ ಉತ್ತರಕ್ಕೆ ಮಿಠಾಯಿ ಕೊಟ್ಟು ಮುಗಿಸುತ್ತೇವೆ. ಒಂದೇ ನಾಡಿನಲ್ಲಿ ಎರಡು ಸಂಗೀತ ಇಟ್ಟುಕೊಂಡವರ ಮನೆಯಲ್ಲಿ ಮಿಠಾಯಿ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಪೋಸ್ಟ್‌ಮಾಸ್ಟರು ಬರುವುದನ್ನು ನಿಲ್ಲಿಸಿದರು. ಎಂಬತ್ತು ದಾಟಿದವರು, ತಾಳದಲ್ಲಿ ನಮ್ಮೆಲ್ಲರ ಯಜಮಾನರು. ಯಾರ ಕೈ ತಪ್ಪಿದರೂ ಅವರ ಕೈ ನೋಡಿ ಸರಿಮಾಡಿಕೊಳ್ಳುತ್ತಿದ್ದೆವು. ಮೊದಲ ತಿಂಗಳು ಮಂಡಿನೋವು ಎಂದರು, ಎರಡನೆಯ ತಿಂಗಳೂ ಮಂಡಿನೋವೇ. ಮೂರನೆಯ ತಿಂಗಳು ಅವರ ಮನೆಯವರೇ ನನ್ನ ಹೆಂಡತಿಯ ಬಳಿ ನಿಜ ಹೇಳಿದರು. ಕಿವಿ ಮಂದವಾಗಿತ್ತು, ಮಗಳು ದುಬಾರಿ ಶ್ರವಣಯಂತ್ರ ಕೊಡಿಸಿದ್ದಳು. ಮಾತೆಲ್ಲ ಸ್ಪಷ್ಟ. ಹಾಡು ಹಾಕಿದರೆ ಮಾತ್ರ ಕೊಳಲು ತುಂಡು ತುಂಡು, ತಂಬೂರಿ ಮಾಯ, ಜೋರಾದರೆ ತಗಡು ಬಡಿದ ಹಾಗೆ. “ಇನ್ನು ನನಗೆ ಸಂಗೀತ ಅಂದರೆ ಗದ್ದಲ,” ಎಂದು ರೇಡಿಯೋವನ್ನೂ ಆರಿಸಿಬಿಟ್ಟಿದ್ದರಂತೆ. ಅರವತ್ತು ವರ್ಷ ಸಂಗೀತ ಕೇಳಿದ ಮನುಷ್ಯ.

ಹಿರಿಯ ಓದುಗರಿಗಾಗಿ ಇದನ್ನು ಬಿಡಿಸಿ ಬರೆಯುತ್ತೇನೆ. ಶ್ರವಣಯಂತ್ರ ಮುಖ್ಯವಾಗಿ ಮಾತು ಕೇಳಿಸಲೆಂದು ಮಾಡಿದ್ದು. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನಿನ ಗದ್ದಲವೆಂದು ತಿಳಿದು ತಗ್ಗಿಸಬಹುದು. ತಂಬೂರಿಯ ಕೆಲಸವೇ ಒಂದೇ ಸಮನೆ ಮೀಟುವುದು! ಕೊಳಲಿನ ನಿಂತ ಸ್ವರವನ್ನು ಯಂತ್ರ ತನ್ನದೇ ಶಿಳ್ಳೆ ಎಂದುಕೊಂಡು ಅದುಮಿಬಿಡುತ್ತದೆ. ಅವರಿಗೆ ಯಂತ್ರ ಮಾರಿದ ಅಂಗಡಿಯವರು “ವಯಸ್ಸಾಯ್ತಲ್ಲ ತಾತ, ಇಷ್ಟೇ” ಎಂದು ಕಳಿಸಿದ್ದರು. ನಾವು ಮೂವರು ಅವರನ್ನು ಬೇರೊಬ್ಬ ತಜ್ಞೆಯ ಬಳಿ ಕರೆದುಕೊಂಡು ಹೋದೆವು. ಆಕೆ ಮೊಬೈಲಿನಲ್ಲಿ ಅವರ ಮೆಚ್ಚಿನ ಹಾಡನ್ನೇ ಹಾಕಿಸಿ, ಸಂಗೀತಕ್ಕೆಂದು ಬೇರೆಯೇ ಒಂದು ಹೊಂದಾಣಿಕೆ ಮಾಡಿಕೊಟ್ಟರು. ಅನೇಕ ಯಂತ್ರಗಳಲ್ಲಿ ಅದಕ್ಕೆ ಅವಕಾಶವಿರುತ್ತದೆ, ನಾವಾಗಿ ಕೇಳಬೇಕು. ನೀವು ಹೋಗುವಾಗ ನಿಮ್ಮ ಹಾಡನ್ನೂ ಜೊತೆಗೆ ಒಯ್ಯಿರಿ.

ಎಲ್ಲವೂ ಹಿಂದಿರುಗಲಿಲ್ಲ. ತಂಬೂರಿ ಬಂತು, ಮೃದಂಗ ಬಂತು. ಪಿಟೀಲಿನ ಮೇಲಿನ ಸ್ವರಗಳು ಬರಲಿಲ್ಲ, ಎರಡು ರಾಗಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಅವರಿಗೆ ಈಗ ಸಿಗುವುದಿಲ್ಲ. ಚೀಟಿ ಬರೆಯುವುದಿಲ್ಲವೆಂದು ಮೊದಲೇ ಹೇಳಿದರು. ನನ್ನ ಮೊಮ್ಮಗಳ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಅವಳಿಗೆ ಹತ್ತು ವರ್ಷ. ಸದ್ದು ಜಾರಿದಾಗ ಅವರು ಅವಳ ಬೆರಳು ನೋಡುತ್ತಾರೆ. ಅವಳ ಕೈ ಓಡಿದಾಗ ತಮ್ಮ ಅಂಗೈಯನ್ನು ಗಾಳಿಯಲ್ಲಿ ಒಂದು ಕ್ಷಣ ತಡೆದು ಹಿಡಿಯುತ್ತಾರೆ, ಅವಳೂ ತಡೆಯುತ್ತಾಳೆ. ತನಿ ಆವರ್ತನದ ಕೊನೆಗೆ ಇಬ್ಬರೂ ಒಂದೇ ಜಾಗಕ್ಕೆ ಬಂದು ಸೇರಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಕಳೆದ ಭಾನುವಾರ ಕೊನೆಯ ಹಾಡಿಗೆ ಮಧ್ಯಮಾವತಿ ಇಟ್ಟಿದ್ದೆವು. ಕಛೇರಿಯನ್ನು ಮಂಗಳವಾಗಿ ಮುಗಿಸಲು ಹಾಡುವ ರಾಗ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಶುಕ್ರವಾರಗಳಲ್ಲಿ ಬಹಳ ಮನೆಗಳಲ್ಲಿ ಈ ರಾಗದಲ್ಲೇ ಹಾಡುತ್ತಾರೆ. ಚೀಟಿ ಎಣಿಸುವ ಕೆಲಸ, ಹಳೆಯ ಅಭ್ಯಾಸವೆಂದು, ನನ್ನದೇ. ಕುಳಿತವರು ಹನ್ನೊಂದು, ಪೋಸ್ಟ್‌ಮಾಸ್ಟರನ್ನು ಬಿಟ್ಟರೆ ಹತ್ತು ಚೀಟಿ ಇರಬೇಕು. ಹನ್ನೊಂದು ಇದ್ದವು. ಮತ್ತೆ ಎಣಿಸಿದೆ, ಹನ್ನೊಂದೇ. ಬಿಡಿಸಿ ನೋಡಿದರೆ ಒಂದರಲ್ಲಿ ನನ್ನ ಮೊಮ್ಮಗಳ ದುಂಡು ಅಕ್ಷರ. ‘ಧ್ಯ’ದ ಮಹಾಪ್ರಾಣ ಹಾರಿಹೋಗಿ ‘ಮದ್ಯಮಾವತಿ’ ಆಗಿತ್ತು. ಇನ್ನೊಂದು ಚೀಟಿಯಲ್ಲಿ, ನಲವತ್ತು ವರ್ಷ ಊರಿನ ವಿಳಾಸಗಳ ಕಾಗುಣಿತವನ್ನೆಲ್ಲ ತಿದ್ದಿದ ನಡುಗುವ ಕೈಬರಹದಲ್ಲಿ, ಅದೇ ‘ಮದ್ಯಮಾವತಿ’.

ಎರಡಕ್ಕೂ ಮಿಠಾಯಿ ಕೊಟ್ಟೆವು.