ಅರ್ಥವಿಲ್ಲದ ಗಾಡಿ

ನಮ್ಮ ತಂದೆಯವರ ಮೋಟಾರ್ ಸೈಕಲನ್ನು ಮಾರಿಬಿಡುವುದೆಂದು ಕಳೆದ ದೀಪಾವಳಿಗೆ ಮುಂಚಿನ ಶನಿವಾರ ಗಾವಡಗೆರೆಯ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನಿಸಿದವರು ನಾನು ಮತ್ತು ನಮ್ಮ ತಾಯಿ. ತಂದೆಯವರು ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು. ಬಹಳ ಹೊತ್ತು ಹಾಳೆ ತಿರುವದೆ ಇದ್ದರೆಂಬುದೊಂದನ್ನು ಬಿಟ್ಟರೆ, ನಮ್ಮ ಮಾತು ಅವರಿಗೆ ಕೇಳಿಸಿತೆನ್ನುವುದಕ್ಕೆ ಬೇರೆ ಕುರುಹು ಇರಲಿಲ್ಲ. ಸೋಮವಾರ ಬರುವೆನೆಂದು ಹುಣಸೂರಿನ ಒಬ್ಬ ಗಿರಾಕಿ ಹೇಳಿ ಕಳುಹಿಸಿದ್ದ. ಅವನು ಕೊಡುವೆನೆಂದದ್ದು ಗಾಡಿಯ ಬೆಲೆಯಲ್ಲ, ಕಬ್ಬಿಣದ ಬೆಲೆ.

ಗಾಡಿ 1983ರ ಯೆಜ್ಡಿ. ನಮ್ಮ ಮೈಸೂರಿನ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಮಾದರಿಯ ಗಾಡಿಗಳು ತಯಾರಾಗತೊಡಗಿದವು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒದೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ. ಈ ಗಾಡಿಯ ಮೇಲೆ ನಮ್ಮ ತಂದೆಯವರು ಇಪ್ಪತ್ತೈದು ವರ್ಷ ಪಾಠ ಹೇಳಲು ಹೋಗಿಬಂದರು. ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಜಾತ್ರೆಗಳಿಗೆ ಕರೆದೊಯ್ದದ್ದೂ ಇದರ ಮೇಲೆಯೇ. ಮಂಡಿನೋವು ಬಂದ ಮೇಲೆ ಅವರು ಅದನ್ನು ಮುಟ್ಟಲಿಲ್ಲ. ಆದರೂ ದಿನಕ್ಕೊಮ್ಮೆ ಬಟ್ಟೆಯಿಂದ ಒರೆಸುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಗಾಡಿಯನ್ನು ಹೊಸದರಂತೆ ಮಾಡಿ ಅವರ ಮುಂದೆ ನಿಲ್ಲಿಸಬೇಕೆಂದು ನನಗೆ ಆಸೆ ಹುಟ್ಟಿತು. ರಜೆಯಲ್ಲಿ ಬಿಚ್ಚಿದೆ, ತಿಕ್ಕಿದೆ, ಚೌಕಟ್ಟಿಗೆಲ್ಲ ಎರಡು ಕೈ ಕಪ್ಪು ಬಣ್ಣ ಬಳಿದೆ, ಮತ್ತೆ ಜೋಡಿಸಿದೆ. ಕುಂಕುಮ ಹಚ್ಚಿ, ನಿಂಬೆಹಣ್ಣು ಹತ್ತಿಸಿದ ದಿನ ಅದು ಮದುವಣಿಗನಂತೆ ಹೊಳೆಯಿತು. ತೊಂದರೆ ಪ್ರಾರಂಭವಾದದ್ದು ಅದರ ಮಾರನೆಯ ದಿನದಿಂದ.

ತೊಂದರೆಯ ಸ್ವರೂಪವೂ ವಿಚಿತ್ರವೇ. ಹುಣಸೂರಿನ ರಸ್ತೆಯಲ್ಲಿ ವೇಗವಾಗಿ ಹೋಗುತ್ತಿರುವಾಗ ಗಾಡಿಗೆ ಯಾವ ಕಾಯಿಲೆಯೂ ಇಲ್ಲ. ದನದ ಹಿಂಡು ಅಡ್ಡ ಬಂತೆಂದೋ, ಹೊಗೆಸೊಪ್ಪು ತುಂಬಿದ ಟ್ರಾಕ್ಟರಿಗೆ ದಾರಿ ಬಿಡಬೇಕೆಂದೋ ನಿಧಾನಿಸಿದೆನೋ, ದೀಪ ಮಂಕಾಗಿ, ಎಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತುಬಿಡುವುದು. ಮತ್ತೆ ಎಷ್ಟು ಒದ್ದರೂ ಏಳದು. ಇಳಿಜಾರಿನಲ್ಲಿ ತಳ್ಳಿದರೆ ಏನೂ ಆಗಿಲ್ಲವೆಂಬಂತೆ ಹೊತ್ತಿಕೊಳ್ಳುವುದು. ಒಂದು ರಾತ್ರಿ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಹುಣಸೂರಿನಿಂದ ಬರುವಾಗ ನಡುದಾರಿಯಲ್ಲಿ ಹೀಗಾಯಿತು. ಕತ್ತಲಲ್ಲಿ, ಜಿನುಗುವ ಮಳೆಯಲ್ಲಿ, ಅರುವತ್ತು ದಾಟಿದ ತಾಯಿಯಿಂದ ಗಾಡಿ ತಳ್ಳಿಸಿಕೊಂಡ ಮಗನ ಮುಖವನ್ನು ವಾಚಕರು ಊಹಿಸಿಕೊಳ್ಳಲಿ. ಮಾರುವ ಮಾತು ಮೊದಲು ಎದ್ದದ್ದು ಆ ರಾತ್ರಿಯೇ.

ನಾನು ಕೈಕಟ್ಟಿ ಕುಳಿತಿರಲಿಲ್ಲ. ಎಂಜಿನ್ನಿಗೆ ಬೇಕಾದದ್ದು ಪೆಟ್ರೋಲು, ಗಾಳಿ, ಸಕಾಲದಲ್ಲಿ ಒಂದು ಕಿಡಿ. ನಿಂತ ಗಾಡಿಯ ಪ್ಲಗ್ಗು ಬಿಚ್ಚಿ ನೋಡಿದರೆ ಒದ್ದೆಯಾಗಿತ್ತು. ಎಂದರೆ ಪೆಟ್ರೋಲು ಬರುತ್ತಿದೆ, ಕಿಡಿ ಸಾಲದು. ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿಟ್ಟು ಒದ್ದರೆ ಆರೋಗ್ಯವಂತ ಗಾಡಿಯಲ್ಲಿ ನೀಲಿ ಕಿಡಿ ಚಟ್ಟೆನ್ನಬೇಕು. (ಈ ಪರೀಕ್ಷೆ ಮಾಡುವವರು ಚೆಲ್ಲಿದ ಪೆಟ್ರೋಲನ್ನು ಮೊದಲು ಒರೆಸಿಕೊಳ್ಳಬೇಕು, ನಾನು ಒರೆಸದೆ ಒಮ್ಮೆ ಹುಬ್ಬು ಸುಟ್ಟುಕೊಂಡೆ.) ನನ್ನ ಗಾಡಿಯಲ್ಲಿ ಒಮ್ಮೆ ನೀಲಿ, ಒಮ್ಮೆ ಕೆಂಪು, ಒಮ್ಮೆ ಏನೂ ಇಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದು ಪರೀಕ್ಷೆಯಲ್ಲ, ಖರೀದಿ. ಪ್ಲಗ್ಗು ಹೊಸದು ಹಾಕಿದೆ. ಪಾಯಿಂಟುಗಳನ್ನು ಉಜ್ಜಿ, ನಡುವಣ ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸಿದೆ. ಈ ಪಾಯಿಂಟುಗಳು ಅಗಲಿದ ಕ್ಷಣದಲ್ಲಿ ಕಾಯಿಲಿನ ಹೊರಸುತ್ತಿನ ವಿದ್ಯುತ್ತು ಕಡಿದುಬಿದ್ದು, ಒಳಸುತ್ತಿನಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟುತ್ತದೆ, ಕಿಡಿಯೆಂದರೆ ಅದೇ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ಎರಡು ಹೊಡೆತದ ಗಾಡಿಯಲ್ಲಿ ಸೆಕೆಂಡಿಗೆ 50 ಸಲ ಇದು ನಡೆಯಬೇಕು. ಪಾಯಿಂಟುಗಳ ತುದಿ ಸುಡದಂತೆ ಕಾಯುವುದು ಕಂಡೆನ್ಸರು. ಅದನ್ನೂ ಬದಲಿಸಿದೆ. ಬಿಸಿಯಾದಾಗ ಕಾಯಿಲು ಕೈಕೊಡುವುದುಂಟೆಂದು ಕೇಳಿ ಅದನ್ನೂ ಬದಲಿಸಿದೆ. ಕೊನೆಗೆ ಬ್ಯಾಟರಿಯನ್ನು. ಆರು ಸಾವಿರ ರೂಪಾಯಿ ಕೈಬಿಟ್ಟಿತು, ಗಾಡಿ ಮಾತ್ರ ಮೊದಲಿನಂತೆಯೇ ದನದ ಹಿಂಡು ಕಂಡಲ್ಲಿ ನಿಲ್ಲುತ್ತಿತ್ತು. ಮೀಟರನ್ನೂ ಕೊಂಡಿದ್ದೆ. ಗಾಡಿ ನಿಲ್ಲಿಸಿ, ದೀಪ ಆರಿಸಿ, ಎಲ್ಲಿ ಮುಟ್ಟಿಸಿ ನೋಡಿದರೂ ಅದು ಆರು ವೋಲ್ಟಿಗಿಂತ ತುಸು ಹೆಚ್ಚನ್ನೇ ತೋರಿಸಿ ನನ್ನನ್ನು ಸಮಾಧಾನಪಡಿಸುತ್ತಿತ್ತು.

ಭಾನುವಾರ ಬೆಳಿಗ್ಗೆ, ಮಾರುವುದಕ್ಕಾದರೂ ಚಕ್ರಗಳಲ್ಲಿ ಗಾಳಿ ಇರಲೆಂದು ಗಾಡಿಯನ್ನು ತಳ್ಳಿಕೊಂಡು ಊರಿನ ಸೈಕಲ್ ಷಾಪಿಗೆ ಹೋದೆ. ಅಲ್ಲಿಯ ಮುದುಕರು ಪಂಪನ್ನು ಕೈಗೆತ್ತಿಕೊಳ್ಳುವ ಮೊದಲು ಗಾಡಿಯನ್ನು ಒಂದು ಸುತ್ತು ಬಂದರು.

"ಮೇಷ್ಟ್ರ ಗಾಡಿ ಅಲ್ವರಾ ಇದು? ಯಾಕೆ ತಳ್ಕೊಂಡ್ ಬಂದ್ರಿ?"

ಕಥೆಯನ್ನೆಲ್ಲ ಹೇಳಿದೆ. ಅವರು ಕೀಲಿ ತಿರುಗಿಸಿ, ದೀಪ ಹಾಕಿ, ಹಾರನ್ನು ಒತ್ತಿದರು. ಅದು ಗಂಟಲು ಕಟ್ಟಿದ ಕೋಳಿಯಂತೆ ಗೊರಗುಟ್ಟಿತು. ದೀಪವೂ ಕಣ್ಣು ಮುಚ್ಚಿತು. ಮುದುಕರು ತಲೆಯಾಡಿಸಿ, "ಗಾಡಿಗೆ ಅರ್ತಿಲ್ಲ ಸಾಮಿ" ಎಂದರು.

ಹನ್ನೆರಡು ವರ್ಷದಿಂದ ಹುಡುಗರಿಗೆ ಶಬ್ದಾರ್ಥ, ಭಾವಾರ್ಥ, ಧ್ವನ್ಯರ್ಥಗಳನ್ನು ಹೇಳಿಕೊಡುತ್ತ ಬಂದಿರುವ ನನಗೆ ಈ ಮಾತು ನಾಟಿತು. ನಿಜ, ಇದಕ್ಕೆ ಇನ್ನು ಅರ್ಥವಿಲ್ಲ. ಮಾರುತ್ತಿರುವುದೂ ಅದಕ್ಕೇ ಎಂದೆ. ಮುದುಕರು ನನ್ನನ್ನು ಕನಿಕರದಿಂದ ನೋಡಿ, ಹಳೆಯ ವೈರಿನ ಒಂದು ತುಂಡು ತಂದರು. ಒಂದು ಕೊನೆಯನ್ನು ಬ್ಯಾಟರಿಯಿಂದ ಚೌಕಟ್ಟಿಗೆ ಹೋಗುವ ತಂತಿಯ ಬುಡಕ್ಕೆ ಒತ್ತಿ, ಇನ್ನೊಂದನ್ನು ಬಣ್ಣವಿಲ್ಲದ ಎಂಜಿನ್ನಿನ ಮೈಗೆ ಒತ್ತಿ, "ಈಗ ಒತ್ತಿ ಹಾರನ್ನ" ಎಂದರು. ಒತ್ತಿದೆ. ಬೀದಿಯ ನಾಯಿಗಳು ಎದ್ದುವು.

ಆಗ ನನಗೆ ಅರ್ಥವಾಯಿತು, ಎರಡೂ ಬಗೆಯಲ್ಲಿ. ವಿದ್ಯುತ್ತು ಹೋಗುವುದಷ್ಟೇ ಅಲ್ಲ, ಬಂದ ಕಡೆಗೆ ಮರಳಬೇಕು. ಹೋಗುವ ದಾರಿ ತಂತಿಗಳಲ್ಲಿ. ಮರಳುವ ದಾರಿ ಗಾಡಿಯ ಕಬ್ಬಿಣದ ಮೈಯಲ್ಲಿಯೇ. ಈ ಮರಳುವ ದಾರಿಗೇ ಗ್ಯಾರೇಜುಗಳಲ್ಲಿ ಅರ್ತ್ ಎನ್ನುವುದು. ನಾನು ಹೋಗುವ ದಾರಿಯ ಒಂದೊಂದು ಮನೆಯನ್ನೂ ಆರು ಸಾವಿರ ಕೊಟ್ಟು ಹೊಸದಾಗಿ ಕಟ್ಟಿಸಿದ್ದೆ. ಮರಳುವ ದಾರಿಯಲ್ಲಿ ಚೌಕಟ್ಟಿಗೆ ತಂತಿ ಸೇರುವ ಬೋಲ್ಟಿನ ಕೆಳಗೆ, ನಾನೇ ಬಳಿದ ಎರಡು ಕೈ ಕಪ್ಪು ಬಣ್ಣ ಕುಳಿತಿತ್ತು. ಬೋಲ್ಟಿನ ಮರೆಗಳು ಅಲ್ಲಲ್ಲಿ ತಾಗಿಕೊಂಡು ಒಂದಿಷ್ಟು ವಿದ್ಯುತ್ತನ್ನು ಬಿಡುತ್ತಿದ್ದುವು, ಅಷ್ಟೆ.

ಉಳಿದ ಒಗಟುಗಳೂ ಅಲ್ಲಿಯೇ ಬಿಚ್ಚಿಕೊಂಡುವು. ಎಂಜಿನ್ನು ವೇಗವಾಗಿ ತಿರುಗುವಾಗ ಡೈನಮೋ ತಾನೇ ವಿದ್ಯುತ್ತು ಕೊಡುತ್ತದೆ. ಅದು ಎಂಜಿನ್ನಿನ ಮೈಗೇ ಅಂಟಿಕೊಂಡಿರುವುದರಿಂದ ಬ್ಯಾಟರಿಯ ತಂತಿಯ ಹಂಗು ಅದಕ್ಕಿಲ್ಲ. ನಿಧಾನಿಸಿದೊಡನೆ ಡೈನಮೋ ಕೈಬಿಡುತ್ತದೆ, ಭಾರ ಬ್ಯಾಟರಿಯ ಮೇಲೆ ಬೀಳುತ್ತದೆ, ದಾರಿ ಮುಚ್ಚಿದೆ. ತಳ್ಳಿದಾಗ ಹೊತ್ತಿಕೊಳ್ಳುತ್ತಿದ್ದುದೂ ಡೈನಮೋವಿನ ಉಪಕಾರವೇ. ಮೀಟರು ಸುಳ್ಳಾಡಿರಲಿಲ್ಲ, ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ವಿದ್ಯುತ್ತು ಹರಿಯದಿರುವಾಗ ಎಂಥ ಕೆಟ್ಟ ಜೋಡಣೆಯಲ್ಲಿಯೂ ವೋಲ್ಟು ಇಳಿಯುವುದಿಲ್ಲ. ದೀಪ ಹಾಕಿ, ಹಾರನ್ನು ಒತ್ತಿಹಿಡಿದು, ಬ್ಯಾಟರಿಯ ಅರ್ತ್ ತುದಿಗೂ ಎಂಜಿನ್ನಿನ ಮೈಗೂ ನಡುವೆ ಅಳೆದಿದ್ದರೆ ಮುಳ್ಳು ಸೊನ್ನೆಯಿಂದ ಮೇಲೆದ್ದು ಕಳ್ಳನನ್ನು ತೋರಿಸಿಬಿಡುತ್ತಿತ್ತು. ಹಳೆಯ ಗಾಡಿಗಳಲ್ಲಿ ಇದು ಇನ್ನೂ ಮುಖ್ಯ. 30 ವಾಟಿನ ದೀಪ 12 ವೋಲ್ಟಿನ ಗಾಡಿಯಲ್ಲಿ ಎರಡೂವರೆ ಆಂಪಿಯರ್ ಎಳೆದರೆ, 6 ವೋಲ್ಟಿನದರಲ್ಲಿ 5 ಎಳೆಯುತ್ತದೆ. ಅದೇ ಕೆಟ್ಟ ಜೋಡಣೆಯಲ್ಲಿ ಇಮ್ಮಡಿ ವೋಲ್ಟು ಸೋರಿಹೋಗುತ್ತದೆ, ಅದೂ ಅರ್ಧದಷ್ಟೇ ಇರುವ ಗಂಟಿನಿಂದ.

ಮುದುಕರು ಗಾಳಿಗೆ ಮಾತ್ರ ಹಣ ತೆಗೆದುಕೊಂಡರು. ಮನೆಗೆ ಬಂದು ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ಕಾಲುರೂಪಾಯಿಯಗಲ ಬಣ್ಣವನ್ನು ಕೆರೆದೆ. ಬಿಳಿಯ ಕಬ್ಬಿಣ ಕಾಣಿಸಿತು. ತಂತಿಯ ತುದಿಯನ್ನೂ ಉಜ್ಜಿ ಬಿಗಿದು, ಹೊರಗಿನಿಂದ ಸ್ವಲ್ಪ ಗ್ರೀಸು ಸವರಿದೆ. ಹತ್ತು ನಿಮಿಷದ ಕೆಲಸ. ಒಂದೇ ಒದೆತಕ್ಕೆ ಗಾಡಿ ಎದ್ದಿತು. ವೇಗ ಇಳಿಸಿ ಬಿಟ್ಟೆ, ಡಬ್ ಡಬ್ ಎನ್ನುತ್ತ ನಿಂತಲ್ಲೇ ಓಡುತ್ತಿತ್ತು.

ತಂದೆಯವರು ಪತ್ರಿಕೆ ಮಡಿಸಿ ಜಗಲಿಯಿಂದ ಇಳಿದು ಬಂದರು. ಎಂಜಿನ್ನಿನ ಸದ್ದನ್ನು ಸ್ವಲ್ಪ ಹೊತ್ತು ಆಲಿಸಿ, "ಎಲ್ಲಿತ್ತು?" ಎಂದರು. ತೋರಿಸಿದೆ.

"ಆ ಜಾಗಕ್ಕೆ ನಾನು ಯಾವತ್ತೂ ಬಣ್ಣ ಹಚ್ಚುತ್ತಿರಲಿಲ್ಲ" ಎಂದರು.

"ಮೊದಲೇ ಹೇಳಬಾರದಿತ್ತೇ ಅಪ್ಪ?"

"ನೀನು ಕೇಳಲಿಲ್ಲ" ಎಂದು ಹೇಳಿ, ಒರೆಸುವ ಬಟ್ಟೆ ತರಲು ಒಳಕ್ಕೆ ಹೋದರು. ಹುಣಸೂರಿನ ಗಿರಾಕಿಗೆ ಬರಬೇಡವೆಂದು ಆ ಮಧ್ಯಾಹ್ನವೇ ಹೇಳಿ ಕಳುಹಿಸಿದೆವು.