ಬಾಹ್ಯಾಕಾಶದಲ್ಲಿ ತೂಕವಿಲ್ಲ, ಹಾಗಾದರೆ ರೋಬೋ ಕೈ ಆಡಿಸುವುದು ಸುಲಭವೇ?

ಸುಲಭ ಎಂದುಕೊಂಡರೆ ತಪ್ಪು. ಗುಂಜಹಳ್ಳಿ ಇರುವ ನಮ್ಮ ರಾಯಚೂರು ಸೀಮೆಯಲ್ಲಿ ಕೃಷ್ಣೆ ದಾಟಿದವರಿಗೆ ಗೊತ್ತು: ಹರಿಗೋಲಿನಿಂದ ದಡಕ್ಕೆ ಕಾಲಿಡಲು ಹೋದರೆ ಹರಿಗೋಲೇ ಹಿಂದೆ ಸರಿಯುತ್ತದೆ. ಬಾಹ್ಯಾಕಾಶದಲ್ಲಿ ತಡೆಯಲು ನೀರೂ ಇಲ್ಲ. ತೂಕ ಇಲ್ಲದಿದ್ದರೂ ದ್ರವ್ಯರಾಶಿ ಇದ್ದೇ ಇರುತ್ತದೆ. ಹಾಗಾಗಿ ಕೈ ಒಂದು ಕಡೆ ತಿರುಗಿದರೆ ತೇಲುವ ನೌಕೆ ಇನ್ನೊಂದು ಕಡೆ ತಿರುಗುತ್ತದೆ. ಆಂಟೆನಾ ಭೂಮಿಯತ್ತ ಇರಬೇಕಾದ ದಿಕ್ಕು ತಪ್ಪಬಹುದು. ಪ್ರತಿ ಸಲ ಸರಿಪಡಿಸುತ್ತಾ ಹೋದರೆ ಇಂಧನ ಕರಗುತ್ತದೆ.

ನಿಧಾನವಾಗಿ ಆಡಿಸಿದರೆ ಸಾಕೇ? ಸಾಲದು. ಅದೇ ದಾರಿಯಲ್ಲಿ ಹೋದರೆ ನೌಕೆ ತಿರುಗುವ ಕೋನವೂ ಅಷ್ಟೇ. ದಾರಿಯನ್ನೇ ಬದಲಿಸಬೇಕು. ಯಾವ ಕೀಲು ಮೊದಲು, ಯಾವುದು ಆಮೇಲೆ ಎಂದು ಮೊದಲೇ ಲೆಕ್ಕ ಹಾಕುವುದು ಇದಕ್ಕೇ.

2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ಜೊತೆ ಹೋದ ಪೋಯಂ-4 ವೇದಿಕೆಯಲ್ಲಿ ಇಸ್ರೋ ರೋಬೋ ಕೈಯನ್ನು ಪರೀಕ್ಷಿಸಿದೆ. ನಾಳೆ ಉಪಗ್ರಹ ದುರಸ್ತಿಗೆ, ಬಾಹ್ಯಾಕಾಶದ ಕಸ ಹಿಡಿಯಲು ಈ ಲೆಕ್ಕವೇ ಆಧಾರ.